ಮಂಗಳಕ್ಕೆ ಏಳದ ಅಣ್ಣ

ನಾಟಕದವರನ್ನು ಟಿವಿಗೆ ತರುವ ಕೆಲಸಕ್ಕೆ ಕೈ ಹಾಕಿದ ಮೇಲೆ ನನ್ನ ದಿನಗಳು ಸೀದಾ ನಡೆದದ್ದೇ ಇಲ್ಲ. ಕರೆಂಟು ಹೋದ ದಿನ ಮಾತ್ರ ಅನಾಹುತ ಆಗುತ್ತಿರಲಿಲ್ಲ. ಉಳಿದ ದಿನ ಒಂದಿಲ್ಲ ಒಂದು ಆಗಿಯೇ ಆಗುತ್ತಿತ್ತು.

ನಾನು ಈ ಕೆಲಸಕ್ಕೆ ಬಂದದ್ದೇ ಹಂಗೆ. ಆರನೇ ಇಯತ್ತೆಗೆ ಶಾಲೆ ಬಿಟ್ಟವನು. ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಲಾರಿ ಕ್ಲೀನರ್ ಆಗಿ ಸೊಲ್ಲಾಪುರ ನೋಡಿದೆ, ಖಾನಾವಳಿಯಲ್ಲಿ ತಾಟು ತೊಳೆದು ಹೈದರಾಬಾದ್ ನೋಡಿದೆ, ಕಮಲಾಪುರದ ಕೆಂಪು ಬಾಳೆಹಣ್ಣನ್ನು ಬಸ್ಸಿನ ಕಿಟಕಿಗಳಿಗೆ ಮಾರಿದೆ, ನಾಟಕದ ಪರದೆಗೆ ಬಣ್ಣ ಬಳಿದೆ. ಕೊನೆಗೆ ಕಲಬುರಗಿಯ ಒಂದು ಸಣ್ಣ ಕೇಬಲ್ ಚಾನೆಲ್‌ನಲ್ಲಿ ವೈರು ಎಳೆಯಲು ಸೇರಿಕೊಂಡೆ. ಒಂದು ದಿನ ಮಾಲಕರು, "ನಮ್ಮ ಕಡೀ ನಾಟಕ ಟಿವಿಯಾಗ ತೋರಸಬೇಕು. ನಾಟಕದೋರ ಗುರುತು ಯಾರಿಗದ?" ಎಂದರು. ನಾನು ಕೈ ಎತ್ತಿದೆ. ಶಾಲೆಯಲ್ಲಿ ಒಮ್ಮೆಯೂ ಎತ್ತದ ಕೈ ಅದು. ಅಲ್ಲಿಗೆ ನಾನು ಡೈರೆಕ್ಟರ್.

ಐದು ತಾಸಿನ ಆಟ

ಕಮಲಾಪುರದ ನಾಟಕದ ಮಾಸ್ತರರು ನನಗೆ ಪರದೆ ಬಳಿಯುತ್ತಿದ್ದ ಕಾಲದಿಂದ ಗೊತ್ತು. ಹಾರ್ಮೋನಿಯಂ ಬಾರಿಸುವವರೂ ಅವರೇ, ಮಾತು ಕಲಿಸುವವರೂ ಅವರೇ, ಆಟ ನಡೆಯುವಾಗ ಪರದೆಯ ಮರೆಯಲ್ಲಿ ಕೂತು ಮರೆತವರಿಗೆ ಮಾತು ಎತ್ತಿಕೊಡುವವರೂ ಅವರೇ. ಅವರ ಹತ್ತಿರ ಒಂದು ಅಣ್ಣತಮ್ಮಂದಿರ ನಾಟಕ ಇತ್ತು. ಕೊನೆಗೆ ಅಣ್ಣ ತಮ್ಮನಿಗಾಗಿ ಪ್ರಾಣ ಬಿಡುತ್ತಾನೆ. ಶುರುವಾದರೆ ಮುಗಿಯಲು ಐದು ತಾಸು.

ಮಾಲಕರು ಮಾಸ್ತರರನ್ನು ಕರೆಸಿ ಹೇಳಿದರು: "ಆರು ಕಂತು. ಒಂದೊಂದು ಇಪ್ಪತ್ತೆರಡು ನಿಮಿಷ. ಎಲ್ಲಾ ಸೇರಿ ಎರಡೂಕಾಲು ತಾಸಿನ ಒಳಗ ಬರಬೇಕು, ಮಾಸ್ತರ್."

"ತರ್ತೀನಿ ಬಿಡ್ರಿ," ಎಂದರು ಮಾಸ್ತರರು, ಯಾವ ತಕರಾರೂ ಇಲ್ಲದೆ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಎಂಟು ದಿನ ಬಿಟ್ಟು ತಾಲೀಮು ನೋಡಲು ಕಮಲಾಪುರಕ್ಕೆ ಹೋದೆ. ಮಾಸ್ತರರು ಕೈಯಲ್ಲಿ ಗಡಿಯಾರ ಹಿಡಿದು ನಿಂತಿದ್ದರು. ಅಣ್ಣ ಓಡುತ್ತಾ ಬಂದ. ತಮ್ಮ ಓಡುತ್ತಾ ಬಂದು ಕಾಲಿಗೆ ಬಿದ್ದ. "ತಮ್ಮಾನೀನಳಬ್ಯಾಡನಾನಿರೋತನಕನಿನಗೇನೂಆಗಂಗಿಲ್ಲ" ಎಂದು ಅಣ್ಣ ಒಂದೇ ಉಸಿರಿನಲ್ಲಿ ಹೇಳಿ, ಬಂದ ದಾರಿಯಲ್ಲೇ ಓಡಿಹೋದ. ಹಿಂದೆ ನಾಯಿ ಬಿದ್ದವರ ಹಾಗೆ ಇಡೀ ಸಂಸಾರ ನನ್ನ ಮುಂದೆ ಹಾದುಹೋಯಿತು.

"ಮಾಸ್ತರ್, ಇದೇನ್ರಿ?"

"ನೋಡೋ ತಮ್ಮಾ, ಒಂದು ಮಾತೂ ಬಿಡದಂಗ ಎರಡು ತಾಸು ನಲವತ್ತು ನಿಮಿಷಕ್ಕ ತಂದೀನಿ. ಇನ್ನ ಅಳೋ ಸೀನ್ ಅಷ್ಟ ಉಳದಾವ." ಸ್ವಲ್ಪ ಚಿಂತೆಯಿಂದ ಸೇರಿಸಿದರು: "ಅಳೂದು ಜಲ್ದಿ ಮಾಡಿದ್ರ ಮಂದಿಗಿ ನಗು ಬರಾಕತ್ತದ."

ವೈನಿಯ ಶರತ್ತು

ಒಂದೊಂದೇ ಹಾಡು ಕಿತ್ತೆವು, ಹಾಸ್ಯದ ಸೀನು ಕಿತ್ತೆವು. ಕೊನೆಗೆ ಒಂದಕ್ಕೆ ಮಾತ್ರ ಕೈ ಹಚ್ಚಲು ಆಗಲಿಲ್ಲ. ಅದು ಮಂಗಳ. ಆಟ ಮುಗಿದ ಮೇಲೆ ಎಲ್ಲ ಪಾತ್ರಧಾರಿಗಳೂ ಸಾಲಾಗಿ ನಿಂತು ಹಾಡುವ ಹಾಡು. ಸತ್ತವರೂ ಎದ್ದು ಬಂದು ನಿಲ್ಲಲೇಬೇಕು. ಅದನ್ನು ಕೀಳಲು ಅಡ್ಡ ಇದ್ದದ್ದು ಅಣ್ಣನ ಪಾತ್ರಧಾರಿಯ ಹೆಂಡತಿ.

ಅಣ್ಣನ ಪಾರ್ಟು ಮಾಡುವವರು ಕಮಲಾಪುರ ಬಸ್ ಸ್ಟ್ಯಾಂಡ್ ಹತ್ತಿರದ ಟೇಲರ್. ಮೂವತ್ತು ವರ್ಷದಿಂದ ಅದೇ ಪಾರ್ಟು, ಅದೇ ಸಾವು. ಅವರು ಸತ್ತಂತೆ ಸುತ್ತಲ ಹಳ್ಳಿಗಳಲ್ಲಿ ಯಾರೂ ಸಾಯಲಾರರು ಎಂದು ಹೆಸರು. ಸತ್ತ ಮೇಲೆ ನಲವತ್ತು ನಿಮಿಷ ತಮ್ಮ, ತಮ್ಮನ ಹೆಂಡತಿ, ಊರ ಗೌಡ ಎಲ್ಲರೂ ಸರದಿಯಲ್ಲಿ ಬಂದು ಮೈಮೇಲೆ ಬಿದ್ದು ಅಳುತ್ತಾರೆ. ಇವರು ರೆಪ್ಪೆ ಅಲುಗಿಸುವುದಿಲ್ಲ. ಒಳಗಿನ ಗುಟ್ಟು ನಮ್ಮಂಥ ನಾಲ್ಕು ಮಂದಿಗೆ ಗೊತ್ತು: ಟೇಲರ್ ಖರೇನೇ ನಿದ್ದೆ ಮಾಡುತ್ತಿದ್ದರು. ಮಂಗಳ ಶುರು ಮಾಡುವ ಮೊದಲು ಮಾಸ್ತರರು ಹಾರ್ಮೋನಿಯಂನಲ್ಲಿ ಒಂದು ಉದ್ದನೆಯ ಸ್ವರ ಜೋರಾಗಿ ಎಳೆಯುತ್ತಿದ್ದರು. ಅದೇ ಅವರ ಅಲಾರಂ.

ಮದುವೆಯಾದ ಹೊಸದರಲ್ಲಿ ಟೇಲರ್‌ರ ಹೆಂಡತಿ ಆಟ ನೋಡಲು ಬಂದು, ಗಂಡ ಸತ್ತದ್ದು ಕಂಡು ಆಟವೇ ನಿಲ್ಲುವಷ್ಟು ಜೋರಾಗಿ ಅತ್ತರಂತೆ. ಮರುದಿನವೇ ಶರತ್ತು ಹಾಕಿದರು: "ಬೇಕಾದಷ್ಟು ಸಲ ಸಾಯ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಎಲ್ಲಾರ ಕಣ್ಣಮುಂದ ಎದ್ದು ಮಂಗಳಕ್ಕ ನಿಂದರಬೇಕು. ಒಂದು ಸಲ ಏಳಲಿಲ್ಲ ಅಂದ್ರ ಅವತ್ತೇ ಬಣ್ಣದ ಪೆಟ್ಟಿಗಿಗಿ ಕೀಲಿ."

ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದೆ. ಟಿವಿಯ ವಿಷಯ ತೆಗೆದುಕೊಂಡು ಹೋದಾಗ ಅವರು ಯಾರದೋ ಜಂಪರ್ ಕುಪ್ಪಸಕ್ಕೆ ಗುಂಡಿ ಹಚ್ಚುತ್ತಿದ್ದರು.

"ಟಿವಿಯಾಗೂ ಸಾಯ್ತಾರೇನು?"

"ಸಾಯ್ತಾರ, ವೈನಿ."

"ಏಳ್ತಾರೇನು?"

"ಏಳ್ತಾರ."

"ಎಷ್ಟು ಮಂದಿ ನೋಡ್ತಾರ?"

"ಇಡೀ ಜಿಲ್ಲಾ ನೋಡ್ತದ."

ದಾರವನ್ನು ಹಲ್ಲಿನಿಂದ ಕಡಿದು ಹೇಳಿದರು: "ಹಂಗಾದ್ರ ಇಡೀ ಜಿಲ್ಲಾದ ಮುಂದ ಏಳಬೇಕು. ಮಾತು ಕೊಡು."

ಕೊಟ್ಟೆ. ಬರೆದು ಕೊಡು ಅಂದಿದ್ದರೆ ವಿಚಾರ ಮಾಡುತ್ತಿದ್ದೆ. ಶಾಲೆ ಬಿಟ್ಟವನಿಗೆ ಮಾತು ಕೊಡುವುದು ಸಸಾರ.

ಕೆಳಗಿನ ಮನೆಯ ಟ್ಯೂಷನ್

ನಮ್ಮ ಸ್ಟುಡಿಯೋ ಅಂದರೆ ಜೇವರ್ಗಿ ಕಾಲೋನಿಯಲ್ಲಿ ಒಂದು ಮನೆಯ ಮೇಲಿನ ಅಂತಸ್ತು. ಕೆಳಗೆ ಗಣಿತದ ಟ್ಯೂಷನ್.

ನಾಟಕದವರಿಗೆ ಎರಡು ರೂಢಿ. ಒಂದು, ಮಾತು ಬಯಲಿನ ಕೊನೆಯ ಸಾಲಿಗೆ ಕೇಳಬೇಕು. ಎರಡು, ಜೀವ ಹೋದರೂ ನೋಡುವವರಿಗೆ ಬೆನ್ನು ತೋರಿಸಬಾರದು. ಎರಡನೆಯದನ್ನು ತಪ್ಪಿದವರಿಗೆ ಮಾಸ್ತರರು ತಾಲೀಮಿನಲ್ಲಿ ಬೆತ್ತ ತೋರಿಸುತ್ತಿದ್ದರು. ಹೀಗಾಗಿ ಸ್ಟುಡಿಯೋದಲ್ಲಿ ಹೆಂಡತಿ ಹಿಂದೆ ನಿಂತು ಕರೆದರೂ ಗಂಡ ತಿರುಗದೆ ಕ್ಯಾಮೆರಾಕ್ಕೇ ಉತ್ತರ ಕೊಡುತ್ತಿದ್ದ. ಅದೂ ಅರಚಿ.

"ಅಣ್ಣಾ, ಸಣ್ಣಗ ಮಾತಾಡ್ರಿ. ಎದಿ ಮ್ಯಾಲ ಮೈಕ್ ಅದ," ಎಂದು ನಾನು ಟೇಲರ್‌ಗೆ ಕೈ ಮುಗಿದೆ.

"ಕೊನೀ ಸಾಲಿನವರಿಗಿ ಕೇಳಬ್ಯಾಡೇನು?"

"ಇಲ್ಲಿ ಕೊನೀ ಸಾಲೇ ನಿಮ್ಮ ಎದಿ ಮ್ಯಾಲ ಅದ, ಅಣ್ಣಾ."

ಮೂರನೆಯ ದಿನ ಟ್ಯೂಷನ್ ಸರ್ ಮೇಲೆ ಬಂದರು. ಬಹಳ ಸಂಭಾವಿತ ಮನುಷ್ಯ. ಬಾಗಿಲಲ್ಲೇ ನಿಂತು ಕೇಳಿದರು: "ನಿಮ್ಮ ಅಣ್ಣ ಯಾವಾಗ ಸಾಯ್ತಾನ್ರಿ?"

"ನಾಡದ್ದು, ಸರ್."

"ಇವತ್ತೇ ಆಗಂಗಿಲ್ಲೇನು? ಪರೀಕ್ಷಾ ಹತ್ರ ಬಂದಾವ." ಜೇಬಿನಿಂದ ಒಂದು ಹಾಳೆ ತೆಗೆದರು. "ಹನ್ನೆರಡು ಎಕರೆ ಹೊಲ ಅಣ್ಣತಮ್ಮರಿಗಿ ಸಮ ಹಂಚಿದರೆ ತಮ್ಮನ ಪಾಲೆಷ್ಟು ಅಂತ ಕೇಳೀನಿ. ಶಾಣೇ ಹುಡುಗಿ, ಹಿಂಗ ಬರದಾಳ ನೋಡ್ರಿ: 'ಅಣ್ಣ ಇರೋತನಕ ಈ ಮನ್ಯಾಗ ಪಾಲು ಅನ್ನೋ ಮಾತು ಬರಬಾರದು.'"

ಅದು ನಮ್ಮ ನಾಟಕದ ಅಣ್ಣನ ಮಾತು. ಮಾಸ್ತರರ ಕಣ್ಣಲ್ಲಿ ನೀರು ಬಂತು. "ಎಷ್ಟು ಮಾರ್ಕ್ಸ್ ಕೊಟ್ರಿ?" ಎಂದರು.

ಮಾತಾಡುವ ಪಲ್ಲಂಗ

ಕ್ಯಾಮೆರಾ ಹಿಡಿದವನು ಕುಸನೂರಿನ ಭಾಯ್. ಹದಿನೈದು ವರ್ಷ ಮದುವೆಗಳ ವಿಡಿಯೋ ಮಾಡಿದವನು. ಅವನ ಕೈ ಎಂದರೆ ಕೈ, ಅಲುಗುತ್ತಿರಲಿಲ್ಲ. ಆದರೆ ಅಣ್ಣನ ಹೆಣದ ಸುತ್ತ ಎಲ್ಲರೂ ಅಳುವ ಸೀನಿನಲ್ಲೂ ಒಬ್ಬೊಬ್ಬರ ಮುಖದ ಹತ್ತಿರ ಕ್ಯಾಮೆರಾ ಒಯ್ದು, "ಜರಾ ಇಧರ್ ನೋಡ್ರಿ, ಸ್ವಲ್ಪ ನಗ್ರಿ," ಎನ್ನುತ್ತಿದ್ದ. ತಮ್ಮನ ಹೆಂಡತಿಯ ಪಾರ್ಟಿನವಳು ಎರಡು ಸಲ ನಕ್ಕೂ ಬಿಟ್ಟಳು.

ದೊಡ್ಡ ತೊಂದರೆ ಮಾಸ್ತರರದು. ಅವರು ಮಾತು ಎತ್ತಿಕೊಡದೆ ಯಾರ ಬಾಯಿಂದಲೂ ಮಾತು ಬಾರದು. ಪರದೆಯ ಮರೆ ಇಲ್ಲಿ ಎಲ್ಲಿ ತರುವುದು? ಕಡೆಗೆ ಅಣ್ಣ ಸಾಯುವ ಪಲ್ಲಂಗದ ಕೆಳಗೆ ಅವರನ್ನು ಮಲಗಿಸಿ, ಚಾದರ ಇಳಿಬಿಟ್ಟೆವು. ಕೈಯಲ್ಲಿ ಪುಸ್ತಕ, ಪೆನ್ಸಿಲು, ಸಣ್ಣ ಬ್ಯಾಟರಿ.

ಅಣ್ಣ ನರಳುತ್ತಾ, "ತಮ್ಮಾ..." ಎಂದು ನಿಂತರು. ಮರೆತುಹೋಯಿತು. ಕೂಡಲೇ ಪಲ್ಲಂಗ ಖಣಖಣ ಹೇಳಿತು: "ತಮ್ಮಾ, ನನ್ನ ಉಸಿರು ನಿಲ್ಲಾಕತ್ತದ!"

ಭಾಯ್ ಕ್ಯಾಮೆರಾದಿಂದ ತಲೆ ಎತ್ತಿದ. "ಅರೇ ಡೈರೆಕ್ಟರ್ ಸಾಬ್! ಆದ್ಮಿಗಿಂತ ಪಲಂಗ ಛಲೋ ಆ್ಯಕ್ಟಿಂಗ್ ಮಾಡಾಕತ್ತದ!"

ಮಂಗಳದ ಶೂಟಿಂಗಿಗೆ ಮಾಸ್ತರರು ಹಾರ್ಮೋನಿಯಂ ತಂದಿದ್ದರು. ಮಾಲಕರು ಬೇಡವೆಂದರು. "ಸಂಗೀತ ಎಲ್ಲಾ ಆಮ್ಯಾಲ ಕಂಪ್ಯೂಟರಿನಾಗ ಕೂಡಸ್ತೀವಿ. ಇಲ್ಲಿ ಸುಮ್ಮ ಬಾಯಿ ಅಲುಗಿಸಿದ್ರ ಸಾಕು." ಹಾರ್ಮೋನಿಯಂ ಇಲ್ಲದ ಮೇಲೆ ಟೇಲರ್ ಏಳುವುದು ಹೇಗೆ? ಗೊರಕೆ ಶುರುವಾಗುವುದರಲ್ಲಿತ್ತು. ಆಗ ಕೆಳಗಿನಿಂದ ಮಾಸ್ತರರು ಪಲ್ಲಂಗದ ಪಟ್ಟಿಗಳ ಸಂದಿಯಲ್ಲಿ ಪೆನ್ಸಿಲಿನ ತುದಿಯಿಂದ ಒಮ್ಮೆ ಚುಚ್ಚಿದರು. ಮೂವತ್ತು ವರ್ಷದಲ್ಲಿ ಅಣ್ಣ ಅಷ್ಟು ಚುರುಕಾಗಿ ಎದ್ದದ್ದು ಅದೇ ಮೊದಲು.

ಮದುವೆಯ ಅಡಿಯಲ್ಲಿ ಹೋದ ಮಂಗಳ

ಐದು ಕಂತು ಛಲೋ ಹೋದವು. ಆರನೆಯದು ನಾಲ್ಕು ನಿಮಿಷ ಹೆಚ್ಚಾಯಿತು. ಅದರ ಬೆನ್ನಿಗೇ ಜ್ಯೋತಿಷ್ಯದ ಕಾರ್ಯಕ್ರಮ. ಜ್ಯೋತಿಷಿಗಳು ನಿಮಿಷಕ್ಕೆ ಸರಿಯಾಗಿ ಬಂದು ಕೂರುವವರು. ನಾನು ಆ ದಿನ ಕಾಲು ತಡೆಯದೆ ಹುಮನಾಬಾದ್ ಕಡೆ ತಿರುಗಾಡಲು ಹೋಗಿದ್ದೆ. ಮಾಲಕರು ಒಬ್ಬರೇ ಕೂತು ಆ ನಾಲ್ಕು ನಿಮಿಷ ಕತ್ತರಿಸಿದರು. ಯಾವ ನಾಲ್ಕು ನಿಮಿಷ ಎಂದು ನಾನು ಬೇರೆ ಹೇಳಬೇಕಿಲ್ಲ.

ಅಣ್ಣ ಸತ್ತ. ಪರದೆಯ ಮೇಲೆ ಅವನ ಮುಖ ಹಾಗೇ ನಿಂತಿತು. ಕೆಳಗೆ "ಮುಕ್ತಾಯ" ಎಂದು ಬಂತು. ಮರುಕ್ಷಣ ಜ್ಯೋತಿಷಿಗಳು ಕಾಣಿಸಿಕೊಂಡು, "ಇಂದಿನ ದಿನ ಬಹಳ ಶುಭ," ಎಂದರು.

ಸುದ್ದಿ ತಿಳಿದು ಓಡಿ ಬಂದು ಭಾಯ್‌ಗೆ ಕೇಳಿದೆ: "ಮಂಗಳ ಶೂಟ್ ಮಾಡಿದ್ದು ಎಲ್ಲದ? ನಾಳಿ ತೋರಿಸೋಣ."

ಭಾಯ್ ನೆಲ ನೋಡಿದ. "ಆ ಕಾರ್ಡಿನ್ಯಾಗ ಶರಣಸಿರಸಗಿ ಊರಿಂದು ಒಂದು ಮದಿವಿ ತಗದೀನಿ, ಭಾಯಿ. ಎಲ್ಲಾ ಅಳಿಸಿಹೋತು." ನನ್ನ ಮುಖ ನೋಡಿ ಸಮಾಧಾನ ಹೇಳಿದ: "ಮಗರ್ ಮದಿವಿ ಫಸ್ಟ್‌ಕ್ಲಾಸ್ ಬಂದದ. ನೋಡ್ತಿಯೇನು?"

ಸತ್ತವರಿಗೆ ಚಾ ಇಲ್ಲ

ಮರುದಿನ ಬೆಳಿಗ್ಗೆ ಟೇಲರ್ ಫೋನ್ ಬಂತು. ದನಿ ಬಹಳ ಸಣ್ಣದಾಗಿತ್ತು. ಎಂಟು ದಿನ ನಾನು ಬೇಡಿಕೊಂಡರೂ ಬಾರದ ಸಣ್ಣ ದನಿ.

"ತಮ್ಮಾ, ಪೆಟ್ಟಿಗಿಗಿ ಕೀಲಿ ಬಿದ್ದದ."

"ವೈನಿ ಏನಂತಾರ?"

"ಮಾತಾಡವಲ್ಲಳು. ಮುಂಜಾನಿ ಚಾ ಕೇಳಿದೆ. 'ಸತ್ತವರಿಗಿ ಚಾ ಯಾಕ?' ಅಂದಳು. ಅದೊಂದೇ ಮಾತು. ಮುಂದಿನ ತಿಂಗಳ ಆಟ ಅದ, ತಮ್ಮಾ. ಕೀಲಿ ತಗೀಲಿಲ್ಲ ಅಂದ್ರ ನನ್ನ ಪಾರ್ಟು ಮುಗೀತು. ಮೂವತ್ತು ವರ್ಷದ್ದು."

ಅಷ್ಟರಲ್ಲಿ ಅವರ ಅಂಗಡಿಗೆ ಯಾರೋ ಬಂದಂತಾಯಿತು. ಒಬ್ಬ ಹೆಣ್ಣುಮಗಳ ದನಿ ಫೋನಿನಲ್ಲೇ ಕೇಳಿಸಿತು: "ನಿನ್ನಿ ಟಿವಿಯಾಗ ನೋಡಿದೆ, ಭಾಳ ಕೆಟ್ಟ ಅನಿಸ್ತು, ಅಣ್ಣಾ. ಅದಕ್ಕ ಹೊಲಿಯಾಕ ಕೊಟ್ಟ ನನ್ನ ಎರಡು ಜಂಪರ್ ಒಯ್ಯಾಕ ಬಂದೀನಿ."

ಆ ಮಧ್ಯಾಹ್ನವೇ ಮಾಲಕರನ್ನು ಮೋಟಾರ್ ಸೈಕಲ್ ಹಿಂದೆ ಕೂರಿಸಿಕೊಂಡು ಕಮಲಾಪುರಕ್ಕೆ ಹೋದೆ. ಮಾಲಕರು ತಪ್ಪಾಯಿತೆಂದರು, ಮತ್ತೆ ಶೂಟ್ ಮಾಡಿ ತೋರಿಸುತ್ತೇವೆಂದರು. ವೈನಿ ತಲೆ ಅಲ್ಲಾಡಿಸಿದರು.

"ನಾ ಟೇಲರ್ ಹೆಂಡತಿ ಇದ್ದೀನಿ. ಕತ್ತರಿ ಹಿಡದವರ ಕೈಯಾಗ ಅರಿವಿ ಕೊಟ್ರ ಏನಾಗ್ತದ ನನಗ ಗೊತ್ತದ. ಕತ್ತರಿ ಹಾಕದಂಗ ತೋರಿಸೋ ದಾರಿ ಇಲ್ಲೇನು?"

"ಅದ. ನೇರ ಪ್ರಸಾರ," ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಮಾಲಕರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

ನೇರ ಪ್ರಸಾರ

ಎರಡು ದಿನ ಬಿಟ್ಟು, ಸಂಜೆ ಆರಕ್ಕೆ ಎಂದು ನಿಗದಿಯಾಯಿತು. ಅಣ್ಣ ಸತ್ತಲ್ಲಿಂದ ಶುರು, ಮಂಗಳದವರೆಗೆ, ನಾಲ್ಕು ನಿಮಿಷ. ಚಾನೆಲ್‌ನಲ್ಲಿ ಇಡೀ ದಿನ "ಅಣ್ಣ ಇಂದು ಏಳುತ್ತಾರೆ" ಎಂದು ಬರೆದು ಓಡಿಸಿದರು. ಕಮಲಾಪುರದಿಂದ ಒಂದು ಟೆಂಪೋ ತುಂಬ ಮಂದಿ ಬಂದರು. ವೈನಿ ಮನೆಯಿಂದಲೇ ಆರತಿ ತಟ್ಟೆ ತಂದಿದ್ದರು. ಪೆಟ್ಟಿಗೆಯ ಕೀಲಿಕೈ ಅವರ ಸೆರಗಿನ ತುದಿಯಲ್ಲಿ ಗಂಟು ಬಿದ್ದಿತ್ತು. "ಎದ್ದ ಮ್ಯಾಲ ಬಿಚ್ತೀನಿ," ಎಂದರು. ಬಂದವರೆಲ್ಲ ಆ ಗಂಟನ್ನೇ ನೋಡುತ್ತಿದ್ದರು.

ಮಾಸ್ತರರು ಹೊಸ ಕೋಟು ಹೊಲಿಸಿಕೊಂಡು ಬಂದಿದ್ದರು. "ಮೂವತ್ತು ವರ್ಷ ಮರೆಯಾಗೇ ಕುಂತೀನಿ. ಇವತ್ತ ನಾನೂ ಸಾಲಿನ್ಯಾಗ ನಿಂದರತೀನಿ," ಎಂದರು. ನಮಗೂ ಸಂತೋಷವಾಯಿತು. ಹಾಗಾದರೆ ಪಲ್ಲಂಗದ ಕೆಳಗೆ ಪೆನ್ಸಿಲು ಹಿಡಿದು ಯಾರು ಇರುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ.

ಆರು ಗಂಟೆ. ಟೇಲರ್ ಪಲ್ಲಂಗದ ಮೇಲೆ ಮಲಗಿ ಸತ್ತರು. ಮೂರು ದಿನದಿಂದ ಚಾ ಇಲ್ಲ. ಸ್ಟುಡಿಯೋದಲ್ಲಿ ತಣ್ಣಗೆ ಏಸಿ. ಹಾಡು ಮಾಲಕರ ಕೋಣೆಯ ಕಂಪ್ಯೂಟರಿನಿಂದ ನೇರವಾಗಿ ಟಿವಿಗೆ ಹೋಗುತ್ತಿತ್ತು. ಸ್ಟುಡಿಯೋದೊಳಗೆ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಎಲ್ಲರೂ ಪಲ್ಲಂಗದ ಮುಂದೆ ಸಾಲಾಗಿ, ಕ್ಯಾಮೆರಾಕ್ಕೆ ಮುಖ ಮಾಡಿ ನಿಂತು ಬಾಯಿ ಅಲುಗಿಸತೊಡಗಿದರು. ನಡುವೆ ಒಂದು ಜಾಗ ಖಾಲಿ ಬಿಟ್ಟಿದ್ದರು. ಅಣ್ಣ ಎದ್ದು ಬಂದು ನಿಲ್ಲಬೇಕಾದ ಜಾಗ.

ಅಣ್ಣ ಏಳಲಿಲ್ಲ.

ಒಂದು ನುಡಿ ಮುಗಿಯಿತು. ಆ ಖಾಲಿ ಜಾಗದಲ್ಲಿ ಟೇಲರ್‌ರ ಎರಡು ಪಾದ ಮಾತ್ರ ಕಾಣುತ್ತಿದ್ದವು. ಸಾಲಿನವರಿಗೆ ಹಿಂದೆ ಏನಾಗಿದೆ ಎಂದು ತಿಳಿಯದು. ತಿರುಗಿ ನೋಡುವಂತಿಲ್ಲ, ನೋಡುವವರಿಗೆ ಬೆನ್ನಾಗುತ್ತದೆ. ಮಾಸ್ತರರಿಗೆ ಮಾತ್ರ ಸುಳಿವು ಸಿಕ್ಕಿತು. ಪಾಪ, ಅವರು ಮುಖ ಮುಂದೆ ಇಟ್ಟುಕೊಂಡೇ ಕೈ ಹಿಂದೆ ಮಾಡಿ ಗಾಳಿಯಲ್ಲಿ ಪೆನ್ಸಿಲು ಹಿಡಿದವರಂತೆ ಚುಚ್ಚುತ್ತಿದ್ದರು. ಹೊಸ ಕೋಟಿನ ತೋಳು ಬಿಗಿಯಾಗಿ ಕೈ ಮುಟ್ಟುತ್ತಿರಲಿಲ್ಲ. ಆ ಕೋಟು ಹೊಲಿದವರೂ ಟೇಲರ್‌ರೇ.

ನಾನು ಬಾಗಿಲಲ್ಲಿದ್ದೆ. ಒಳಗೆ ನುಗ್ಗುತ್ತಿದ್ದ ಜ್ಯೋತಿಷಿಗಳನ್ನು ಎರಡೂ ಕೈಯಿಂದ ತಡೆದಿದ್ದೆ. "ನನ್ನ ಟೈಮಿನ್ಯಾಗ ಇದು ನಡೀತದಂತ ನನಗ ಯಾರೂ ಮೊದಲ ಹೇಳಿಲ್ಲ!" ಎಂದು ಅವರು ಗುದ್ದಾಡುತ್ತಿದ್ದರು.

ಎರಡನೆಯ ನುಡಿ. ಈಗ ಗೊರಕೆ ಶುರುವಾಯಿತು. ಎದೆಯ ಮೇಲೆ ಮೈಕ್ ಇತ್ತು. ಮಂಗಳದ ಹಾಡಿನ ಜೊತೆ ತಾಳ ಹಾಕಿದಂತೆ ಅದು ಇಡೀ ಜಿಲ್ಲೆಗೆ ಹೋಗುತ್ತಿತ್ತು. ಮಾಲಕರು ಕೋಣೆಯಿಂದ, "ಕಟ್! ಕಟ್!" ಎಂದು ಕೂಗಿದರು.

"ಲೈವ್ ಹೈ ಸಾಬ್," ಎಂದ ಭಾಯ್, ಕೈ ಅಲುಗಿಸದೆ. "ಎಲ್ಲಿ ಕಟ್ ಮಾಡ್ಲಿ?"

ಆಗ ಮೂಲೆಯಲ್ಲಿ ನಿಂತಿದ್ದ ವೈನಿ ಆರತಿ ತಟ್ಟೆಯನ್ನು ಮಾಸ್ತರರ ಕೈಗೆ ಕೊಟ್ಟು, ಸೀದಾ ಕ್ಯಾಮೆರಾದ ಮುಂದಿನಿಂದ ನಡೆದುಹೋದರು. ಆ ಖಾಲಿ ಜಾಗದಲ್ಲಿ ದಾಟಿ, ಪಲ್ಲಂಗದ ಹತ್ತಿರ ನಿಂತು, ಗಂಡನ ಭುಜ ಹಿಡಿದು ಅಲುಗಿಸಿದರು.

"ಏಳ್ರೀ! ಸಾಯಾಕೂ ಒಂದು ಮಿತಿ ಅದ!"

ಟೇಲರ್ ಒಂದು ಕಣ್ಣು ತೆರೆದರು. ಮೂವತ್ತು ವರ್ಷ ಹಾರ್ಮೋನಿಯಂ ಕೇಳಿ ಎದ್ದವರು, ಎದುರಿಗೆ ಹೆಂಡತಿಯನ್ನು ಕಂಡು ಮನೆಯಲ್ಲೇ ಇದ್ದೇನೆ ಎಂದುಕೊಂಡರು.

"ಇವತ್ತಾದ್ರೂ ಚಾ ಕೊಡ್ತಿಯೇನು?" ಎಂದರು. ಕೊನೆಯ ಸಾಲಿಗೆ ಕೇಳುವ ಹಾಗೆ.

ವೈನಿ ಕ್ಯಾಮೆರಾದ ಕಡೆ ತಿರುಗಿದರು. "ಎಲ್ಲಾರೂ ನೋಡ್ರಿ. ಎದ್ದಾರ," ಎಂದರು. ಸೆರಗಿನ ಗಂಟು ಬಿಚ್ಚಿ ಕೀಲಿಕೈ ಗಂಡನ ಕೈಯಲ್ಲಿಟ್ಟರು. ಸಾಲಿನವರು ಇನ್ನೂ ಬಾಯಿ ಅಲುಗಿಸುತ್ತಲೇ ಇದ್ದರು. ಮಾಸ್ತರರೊಬ್ಬರು ಆರತಿ ತಟ್ಟೆ ಹಿಡಿದುಕೊಂಡು, ಮೂವತ್ತು ವರ್ಷದಲ್ಲಿ ಮೊದಲ ಸಲ, ನೋಡುವವರಿಗೆ ಪೂರಾ ಬೆನ್ನು ಮಾಡಿ ನಿಂತು ಬಿದ್ದು ಬಿದ್ದು ನಗುತ್ತಿದ್ದರು.

ಕೆಳಗೆ ಟ್ಯೂಷನ್ ಹುಡುಗರ ಚಪ್ಪಾಳೆ ಕೇಳಿಸಿತು. ಮಾಲಕರ ಫೋನು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಗಂಡನನ್ನು ಎಬ್ಬಿಸಿದ ಆ ಹೆಣ್ಣುಮಗಳ ಪಾರ್ಟು ಎಲ್ಲರಿಗಿಂತ ಛಲೋ ಆಯಿತು, ಮುಂದಿನ ನಾಟಕದಲ್ಲೂ ಅವರನ್ನೇ ಹಾಕಿ ಎಂದು ಕೇಳುವವರೇ ಎಲ್ಲ.

ಮೆಟ್ಟಿಲು ಇಳಿಯುವಾಗ ಗಂಡ ಹೆಂಡತಿ ನನ್ನ ಮುಂದೆ ಇದ್ದರು. ಟೇಲರ್ ಕೀಲಿಕೈಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದಿದ್ದರು. ನಾಲ್ಕು ಮೆಟ್ಟಿಲು ಇಳಿದ ಮೇಲೆ, ಇಷ್ಟು ವರ್ಷ ಕೇಳಲು ಅಂಜಿದ್ದನ್ನು ಧೈರ್ಯ ಮಾಡಿ ಕೇಳಿಯೇಬಿಟ್ಟರು:

"ಖರೇ ಹೇಳು. ನಾ ಸಾಯೋದು ಹ್ಯಾಂಗದ?"

ವೈನಿ ಸೆರಗು ಸರಿಮಾಡಿಕೊಂಡರು.

"ಸಾಯೋದು ಛಲೋ ಸಾಯ್ತೀರಿ," ಎಂದರು. "ಏಳೋದು ಇನ್ನ ಕಲೀಬೇಕು."